ಐದನೇ ಅಣಬೆ

ಸಮಕಾಲೀನ ಎಂಬ ಪದಕ್ಕೂ ಕಾಲಿಗೂ ಯಾವ ಸಂಬಂಧವೂ ಇಲ್ಲ ಎಂದು ನನಗೆ ತಿಳಿದದ್ದು ನನ್ನ ಇಪ್ಪತ್ತಾರನೇ ವಯಸ್ಸಿನಲ್ಲಿ. ಅದೂ ಕಡತಕ್ಕೆ ಸಹಿಯಾಗಿ ಮೊಹರು ಬಿದ್ದ ಮೇಲೆ.

ನೃತ್ಯ ತಂಡವೊಂದು ನಮ್ಮ ಕಚೇರಿಯ ಅಂಗಳದಲ್ಲಿ ಒಂದು ಭಾನುವಾರ ಚಿತ್ರೀಕರಣ ಮಾಡಲು ಅನುಮತಿ ಕೇಳಿತ್ತು. ಪತ್ರ ಟೈಪು ಮಾಡಿದವರು ದೀರ್ಘ ಕೊಡುವುದನ್ನು ಮರೆತು ‘ಸಮಕಾಲಿನ ನೃತ್ಯ’ ಎಂದು ಬಡಿದಿದ್ದರು. ನಾನು ಅದನ್ನು ಸಮ ಕಾಲಿನ ನೃತ್ಯ ಎಂದು ಓದಿಕೊಂಡೆ. ಎರಡು ಕಾಲನ್ನೂ ಸಮವಾಗಿ ಊರಿ ನಿಂತು ಸೊಂಟದಿಂದ ಮೇಲೆ ಮಾತ್ರ ಆಡಿಸುವ ಯಾವುದೋ ಶಿಸ್ತಿನ ಕಲೆಯಿರಬೇಕು ಎಂದುಕೊಂಡು, ಕಡತದಲ್ಲಿ ಹೀಗೊಂದು ಟಿಪ್ಪಣಿ ಬರೆದೆ: ‘ಸದರಿ ನೃತ್ಯವು ಕಾಲುಗಳನ್ನು ಸಮವಾಗಿ ಇರಿಸಿ ಮಾಡುವಂಥದ್ದಾದ್ದರಿಂದ ಕಟ್ಟಡಕ್ಕೆ ಧಕ್ಕೆಯಾಗುವ ಸಂಭವ ಇರುವುದಿಲ್ಲ.’ ನಮ್ಮ ಮೇಲಧಿಕಾರಿಗಳು ಅದನ್ನು ಓದಿ, ಹುಬ್ಬೇರಿಸಿ, ಈ ವಿಷಯದಲ್ಲಿ ನನಗೆ ಇಷ್ಟು ತಿಳಿವಳಿಕೆ ಇದೆಯೆಂದು ಗೊತ್ತೇ ಇರಲಿಲ್ಲ ಎಂದರು. ಸಹಿ ಹಾಕಿದರು. ತಿಳಿವಳಿಕೆ ಇರುವವನೇ ಆ ದಿನ ಅಲ್ಲಿ ಹಾಜರಿರಲಿ ಎಂದೂ ಬರೆದರು. ಅನುಮತಿ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: ಅಗತ್ಯ ಕಂಡರೆ ಚಿತ್ರೀಕರಣವನ್ನು ನಿಲ್ಲಿಸುವ ಅಧಿಕಾರ ಕಚೇರಿಯ ಪ್ರತಿನಿಧಿಗೆ ಇರುತ್ತದೆ. ಮನೆಯಲ್ಲಿ ಟೀವಿ ನಿಲ್ಲಿಸುವ ಅಧಿಕಾರವೂ ಇಲ್ಲದ ನಾನು ಆ ಪತ್ರದ ಪ್ರತಿಯನ್ನು ಅಂಗಿಯ ಜೇಬಿನಲ್ಲಿ ಮಡಚಿಟ್ಟುಕೊಂಡೆ.

ನಮ್ಮದು ನೀರು ಮತ್ತು ಒಳಚರಂಡಿ ಇಲಾಖೆ. ಜನ ಅದನ್ನು ಹಾಗೆ ಕರೆಯುವುದಿಲ್ಲ, ಅಣಬೆ ಆಫೀಸು ಎನ್ನುತ್ತಾರೆ. ಬಣ್ಣ ಕಾಣದ ಆರು ಮಹಡಿಯ ಬರಿ ಕಾಂಕ್ರೀಟು, ಅದರ ಮುಂದೆ ದೊಡ್ಡ ಅಂಗಳ, ಅಂಗಳದಲ್ಲಿ ಕಾಂಕ್ರೀಟಿನವೇ ಏಳು ಕೊಡೆಗಳು. ಒಂದೊಂದಕ್ಕೂ ಒಂದೇ ಕಾಂಡ, ಮೇಲೆ ಒಂದು ದೊಡ್ಡ ತಟ್ಟೆ. ಕಟ್ಟಿದಾಗ ದೂರದೂರದಿಂದ ಬಂದು ಫೋಟೊ ತೆಗೆದುಕೊಂಡಿದ್ದರಂತೆ. ಈಗ ಬಿಲ್ಲು ತಿದ್ದಿಸಲು ಬಂದವರು ಆ ಅಣಬೆಗಳ ಕೆಳಗೆ ನಿಂತು ಇಲಾಖೆಯನ್ನೂ ಕಟ್ಟಡವನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಾರೆ. ಗೋಡೆಗಳ ಮೇಲೆ ನಲವತ್ತೆರಡು ವರ್ಷದ ನೀರಿನ ಕಲೆಗಳಿವೆ. ನೀರಿನ ಇಲಾಖೆ ಸೋರದೆ ಇನ್ನೇನು ಮಾಡೀತು ಎಂಬ ಹಳೆಯ ಜೋಕನ್ನು ವಾರಕ್ಕೊಬ್ಬರು ಹೊಸದಾಗಿ ಕಂಡುಹಿಡಿಯುತ್ತಾರೆ.

ಈ ಕಟ್ಟಡವನ್ನು ಯಾರೂ ಪ್ರೀತಿಸುವುದಿಲ್ಲ. ಟಕ್ ಅಕ್ಕ ಕೂಡ ಪ್ರೀತಿಸುವುದಿಲ್ಲ. ಆದರೆ ಅದರ ನಾಡಿ ಹಿಡಿದು ನೋಡುವವಳು ಅವಳೊಬ್ಬಳೇ.

ಅವಳ ಕೆಲಸ ಬೀಗದ ಕೈಗಳದ್ದು. ಬೆಳಿಗ್ಗೆ ತೆರೆಯುವುದು, ಸಂಜೆ ಮುಚ್ಚುವುದು, ಮೆಟ್ಟಿಲ ಕೆಳಗಿನ ವಿದ್ಯುತ್ ಹಲಗೆಯನ್ನು ನೋಡಿಕೊಳ್ಳುವುದು. ಇದಲ್ಲದೆ, ಯಾರೂ ಹೇಳದಿದ್ದರೂ, ತಿಂಗಳಿಗೊಮ್ಮೆ ಒಂದು ಪುಟ್ಟ ಸುತ್ತಿಗೆ ಹಿಡಿದು ಇಡೀ ಕಟ್ಟಡವನ್ನು ತಟ್ಟುತ್ತ ಬರುತ್ತಾಳೆ. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ ಸುತ್ತಿಗೆ ಅದು, ತಲೆ ಸವೆದು ಹೊಳೆಯುತ್ತದೆ. ಎಟುಕದ ಕಡೆಗೆ ಒಂದು ಉದ್ದನೆಯ ಕಬ್ಬಿಣದ ಸರಳು. ಟಕ್, ಕಿವಿ ಕೊಡು. ಟಕ್, ಕಿವಿ ಕೊಡು. ಹೆಸರು ಬಂದದ್ದು ಅದರಿಂದಲೇ. ಲೆಕ್ಕಪತ್ರ ವಿಭಾಗದವರು ಮಾತ್ರ ಬೇಕಂತಲೇ ನಾಲಿಗೆ ದಪ್ಪ ಮಾಡಿ ‘ಠಕ್ಕಕ್ಕ’ ಎನ್ನುತ್ತಾರೆ.

ತಟ್ಟಿದರೆ ಏನು ತಿಳಿಯುತ್ತದೆ ಎಂದು ನಾನು ಹೊಸದರಲ್ಲಿ ಕೇಳಿದ್ದೆ. ಅವಳು ಹೇಳಿದ್ದು ಇಷ್ಟು: “ಬಾಗಿಲು ತಟ್ಟಿದ ಹಾಗೆ ಕಣೋ ತಮ್ಮ. ಗಟ್ಟಿ ಇದ್ರೆ ಒಳಗಿಂದ ಯಾರೋ ‘ಇದ್ದೀನಿ’ ಅಂತಾರೆ. ಟೊಳ್ಳಾದ್ರೆ, ಮನೆ ಖಾಲಿ ಮಾಡ್ಕೊಂಡು ಹೋಗಿರ್ತಾರೆ.”

ಇದು ಅವಳು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಈ ಕಟ್ಟಡ ಏಳುವಾಗ ಅವಳಿಗೆ ಹದಿನಾರು. ತಾಯಿಯ ಜೊತೆ ಬಾಂಡ್ಲಿಯಲ್ಲಿ ಹಸಿ ಕಾಂಕ್ರೀಟು ಹೊರಲು ಬಂದಿದ್ದಳು. ನಾವೆಲ್ಲ ಕೂತು ಕಾಗದ ಹೊರಳಿಸುವ ಮೂರನೇ ಮಹಡಿ ಅವಳ ತಲೆಯ ಮೇಲಿಂದ ಹೋದದ್ದು. ಕೆಲಸ ಮುಗಿದ ಮೇಲೂ ಅವಳು ಹೋಗಲಿಲ್ಲ, ಇಲ್ಲಿಯ ಪಂಪಿನವನನ್ನೇ ಮದುವೆಯಾದಳು. ಅವನು ಎದೆನೋವಿನಿಂದ ತೀರಿಕೊಂಡಾಗ ಅವಳಿಗೆ ಮೂವತ್ತೊಂದು. ಇಲಾಖೆ ಬೀಗದ ಕೈಗೊಂಚಲನ್ನೂ, ಪಂಪ್ ಮನೆಯ ಹಿಂದಿನ ಎರಡು ಕೋಣೆಗಳನ್ನೂ ಅವಳಿಗೆ ಕೊಟ್ಟಿತು. ಅಲ್ಲಿ ಅವಳೂ ಅವಳ ಅತ್ತೆಯೂ ಇದ್ದಾರೆ. ಅತ್ತೆಗೆ ಎಂಬತ್ತು ದಾಟಿದೆ, ಕಿವಿ ಪೂರ್ತಿ ಮಂದ. ಲೋಕದಲ್ಲಿ ಸೊಸೆಯ ಗದ್ದಲದ ಬಗ್ಗೆ ದೂರು ಹೇಳದ ಅತ್ತೆ ತಾನೊಬ್ಬಳೇ ಎಂದು ಹೇಳಿಕೊಳ್ಳುತ್ತಾಳೆ.

ಟಕ್ ಅಕ್ಕನ ಜಗಳವೆಲ್ಲ ಐದನೇ ಅಣಬೆಯ ಜೊತೆ. ಅದನ್ನು ಎರೆದ ದಿನ ಮಧ್ಯಾಹ್ನ ಮಿಕ್ಸರ್ ಕೆಟ್ಟು ನಿಂತಿತಂತೆ. ತಟ್ಟೆ ಅರ್ಧ ತುಂಬಿತ್ತು. ಮಿಕ್ಕರ್ಧ ಸುರಿದದ್ದು ಮರುದಿನ ಬೆಳಿಗ್ಗೆ, ಒಣಗಿದ್ದರ ಮೇಲೆ. ಒಣಗಿದ್ದಕ್ಕೆ ಹಸಿ ಕಚ್ಚುವುದಿಲ್ಲ ಎಂದು ವಯಸ್ಸಾದ ಮೇಸ್ತ್ರಿಯೊಬ್ಬ ಗೊಣಗಿದ್ದ. ಉದ್ಘಾಟನೆಯ ದಿನ ಗೊತ್ತಾಗಿಬಿಟ್ಟಿತ್ತು, ಮೇಲೆ ಗಾರೆ ಬಳಿದು ಮುಚ್ಚಿದರು. ಈ ಎರಡು ವರ್ಷದಲ್ಲಿ ಆ ಜೋಡಣೆಯ ಉದ್ದಕ್ಕೂ ಸದ್ದು ಬದಲಾಗಿದೆ ಎಂದು ಅವಳು ದೂರಿನ ಪುಸ್ತಕದಲ್ಲಿ ಐದು ಸಲ ಬರೆಸಿದ್ದಳು. ಒಮ್ಮೆ ಆ ಕಾಂಡದ ಸುತ್ತ ನೆಲಕ್ಕೆ ಕೆಂಪು ಬಳಪದಲ್ಲಿ ಗೆರೆ ಎಳೆದು, ಜನರನ್ನು ಗದರಿಸಿದ್ದಕ್ಕೆ ಮೆಮೊ ಸಿಕ್ಕಿತ್ತು. ಕಚೇರಿಯ ಕೆಲಸಕ್ಕೆ ಇನ್ನೊಮ್ಮೆ ಅಡ್ಡಿಪಡಿಸಿದರೆ ವಸತಿ ಹಿಂದಕ್ಕೆ ಪಡೆಯಲಾಗುವುದು ಎಂಬ ಮಾತೂ ಅದರಲ್ಲಿತ್ತು. ಐದು ದೂರಿನ ಕೆಳಗೂ ‘ಗಮನಿಸಲಾಗಿದೆ’ ಎಂಬ ಮೊಹರು ಒತ್ತಿದ ಕೈ ಯಾವುದು ಎಂದು ಕೇಳಬೇಡಿ. ನಮ್ಮ ವಿಭಾಗದಲ್ಲಿ ಮೊಹರು ಇರುವುದು ಒಂದೇ, ಮತ್ತು ಅದು ನನ್ನ ಮೇಜಿನ ಮೇಲಿದೆ.

ಭಾನುವಾರ ಏಳಕ್ಕೆ ತಂಡ ಬಂತು. ಒಂಬತ್ತು ಮಂದಿ ನರ್ತಕರು, ಮಾತು ಕಡಿಮೆಯ ಒಬ್ಬ ನಿರ್ದೇಶಕಿ, ಇಬ್ಬರು ಕ್ಯಾಮೆರಾದವರು, ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡ ಸಂಗೀತದವನು ಒಬ್ಬ. ನರ್ತಕರು ಬೂದು ಬಟ್ಟೆಯಲ್ಲಿದ್ದರು. ಮೊದಲ ಹತ್ತು ನಿಮಿಷದಲ್ಲೇ ಅವರು ನೆಲದ ಮೇಲೆ ಉರುಳಿದರು, ಗೋಡೆ ಹತ್ತಿ ಬಿದ್ದರು, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಹಾರಿದರು. ಸಮ ಕಾಲು ಹೋಗಲಿ, ಯಾರ ಕಾಲು ಯಾರದ್ದೆಂದೇ ತಿಳಿಯಲಿಲ್ಲ. ನನ್ನ ಟಿಪ್ಪಣಿ ನೆನಪಾಗಿ, ಜೇಬಿನ ಪತ್ರವನ್ನು ಇನ್ನೊಂದು ಸಲ ಮಡಚಿ ಒಳಗೆ ತಳ್ಳಿದೆ.

ಟಕ್ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದಳು. ಎಲ್ಲಿ ಬೇಕಾದರೂ ಕುಣಿಯಲಿ, ಐದನೆಯದರ ಕೆಳಗೆ ಮಾತ್ರ ಬೇಡ. ನಾನು ಅದನ್ನು ನಿರ್ದೇಶಕಿಗೆ ದಾಟಿಸಿದೆ. ಆಕೆ ತಕರಾರಿಲ್ಲದೆ ಒಪ್ಪಿ, ಕ್ಯಾಮೆರಾವನ್ನು ಮೂರನೆಯದರ ಕೆಳಗೆ ಇಟ್ಟಳು. ಅಧಿಕಾರ ಚಲಾಯಿಸುವುದು ಇಷ್ಟು ಸುಲಭವೇ ಎಂದು ನಾನು ಜೇಬು ತಟ್ಟಿಕೊಂಡೆ.

ಹೆಡ್‌ಫೋನಿನವನಿಗೆ ಅಕ್ಕನ ಸುತ್ತಿಗೆ ಕಣ್ಣಿಗೆ ಬಿತ್ತು. ಅವನ ಸಂಗೀತದಲ್ಲಿ ವಾದ್ಯ ಎಂಬುದಿಲ್ಲ. ಲಿಫ್ಟಿನ ಬಾಗಿಲು, ನಲ್ಲಿಯ ತೊಟ್ಟು, ಫ್ಯಾನಿನ ಗೊರಕೆ ಎಲ್ಲವನ್ನೂ ಹಿಡಿದು ಲ್ಯಾಪ್‌ಟಾಪಿಗೆ ಹಾಕಿ, ಎಳೆದು ಕತ್ತರಿಸಿ ತಾಳ ಮಾಡುತ್ತಾನೆ. ಏಳೂ ಅಣಬೆಗಳನ್ನು ತಟ್ಟಿ ತೋರಿಸಿ ಎಂದು ಅವಳನ್ನು ಕೇಳಿಕೊಂಡ. ಅವಳು ಸರಳು ಹಿಡಿದು ಒಂದೊಂದಾಗಿ ತಟ್ಟುತ್ತ ಹೋದಳು, ಅವನು ಮೈಕು ಹಿಡಿದು ಹಿಂದೆ ಹೋದ. ಉಳಿದ ಆರೂ ಠಣ್ ಎಂದವು. ಐದನೆಯದು ಬೊದ್ ಎಂದಿತು. ಅವನ ಮುಖ ಅರಳಿತು. ಇನ್ನೊಮ್ಮೆ ತಟ್ಟಿ ಎಂದ, ಮತ್ತೊಮ್ಮೆ ಎಂದ, ಸರಳನ್ನು ಗೀರಿ ಎಂದ. ಇಷ್ಟು ಒಳ್ಳೆಯ ಶಬ್ದ ತನಗೆ ಈ ವರ್ಷವಿಡೀ ಸಿಕ್ಕಿರಲಿಲ್ಲವಂತೆ.

ಅವಳು ಸರಳನ್ನು ಕೆಳಗಿಳಿಸಿ ಅವನನ್ನೇ ನೋಡಿದಳು. “ಅದು ಕಾಯಿಲೆ ಶಬ್ದ ಕಣಪ್ಪ,” ಎಂದಳು.

“ಅದಕ್ಕೇ ಚೆನ್ನಾಗಿದೆ ಅಕ್ಕ,” ಎಂದ ಅವನು. ಊಟದ ಹೊತ್ತಿಗೆ ಅದನ್ನು ಹಾಡಿನೊಳಗೆ ಸೇರಿಸಿಯೂ ಬಿಟ್ಟ.

ಮೂರೂವರೆಯ ತನಕ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಸೂರ್ಯ ಕೆಳಗಿಳಿದ. ಕಟ್ಟಡದ ಪಕ್ಕದಲ್ಲಿ ಬಿಸಿಲು ತಡೆಯಲೆಂದು ಉದ್ದುದ್ದ ಕಾಂಕ್ರೀಟು ಹಲಗೆಗಳನ್ನು ನಿಲ್ಲಿಸಿದ್ದಾರೆ. ಅವುಗಳ ಸಂದಿನಿಂದ ಬಿಸಿಲು ಪಟ್ಟಿಪಟ್ಟಿಯಾಗಿ ತೂರಿ ಅಂಗಳದಲ್ಲಿ ಒಂದೇ ಒಂದು ಕಡೆ ಬಿತ್ತು. ಐದನೇ ಅಣಬೆಯ ಕೆಳಗೆ. ಮೂರು ವರ್ಷ ಅಲ್ಲೇ ಓಡಾಡಿದ ನಾನು ಆ ಬೆಳಕನ್ನು ನೋಡಿಯೇ ಇರಲಿಲ್ಲ. ಒಪ್ಪಿಕೊಳ್ಳುತ್ತೇನೆ, ಆ ದರಿದ್ರ ಕಟ್ಟಡ ಆಗ ಚೆಂದ ಕಂಡಿತು.

ನಿರ್ದೇಶಕಿಗೂ ಕಂಡಿತು. ಕೊನೆಯ ದೃಶ್ಯ ಅಲ್ಲೇ ಆಗಬೇಕು ಎಂದಳು. ಮುಖ್ಯ ನರ್ತಕಿ ಕಾಂಡದ ಬುಡದಲ್ಲಿ ಅಂಗಾತ ಮಲಗಿರುತ್ತಾಳೆ, ಉಳಿದ ಎಂಟು ಜನ ಸುತ್ತ ಬಂದು ಒಬ್ಬೊಬ್ಬರಾಗಿ ಅವಳ ಪಕ್ಕ ಬೀಳುತ್ತಾರೆ. ಬೆಳಕು ಇರುವುದು ಇಪ್ಪತ್ತು ನಿಮಿಷ. ಅನುಮತಿ ಇರುವುದು ಇವತ್ತು ಒಂದೇ ದಿನ.

ಟಕ್ ಅಕ್ಕ ನನ್ನ ಮುಖ ನೋಡಿದಳು. ನಿರ್ದೇಶಕಿಯೂ ನೋಡಿದಳು. ಅಧಿಕಾರವಿದ್ದ ಏಕೈಕ ವ್ಯಕ್ತಿ ಏನು ಮಾಡಿದ? ಮೇಲಧಿಕಾರಿಗೆ ಫೋನ್ ಮಾಡಿದ. ಅವರು ಯಾವುದೋ ಸಮಾರಂಭದಲ್ಲಿದ್ದರು, ಹಿನ್ನೆಲೆಯಲ್ಲಿ ತಟ್ಟೆ ಲೋಟಗಳ ಸದ್ದು. ಧಕ್ಕೆ ಇಲ್ಲವೆಂದು ನೀನೇ ಬರೆದಿದ್ದೀಯಲ್ಲ, ಈಗ ಇದೆ ಎಂದರೆ ಯಾವುದು ಸುಳ್ಳು ಎಂದು ಕೇಳಿದರು. ಕಾಲು ಮತ್ತು ಕಾಲದ ವ್ಯತ್ಯಾಸವನ್ನು ಫೋನಿನಲ್ಲಿ ವಿವರಿಸುವ ಧೈರ್ಯ ನನಗಿರಲಿಲ್ಲ.

ಬೇಗ ಮುಗಿಸಿ ಎಂದು ನಿರ್ದೇಶಕಿಗೆ ಹೇಳಿದೆ.

“ಆಯ್ತು ಸಾರ್,” ಎಂದಳು ಟಕ್ ಅಕ್ಕ. ಇಷ್ಟು ವರ್ಷ ‘ತಮ್ಮ’ನಾಗಿದ್ದವನು ಒಂದು ನಿಮಿಷದಲ್ಲಿ ‘ಸಾರ್’ ಆಗಿದ್ದೆ. ಬಡ್ತಿ ಎಂದರೆ ಹಿಂಸೆ ಎಂದು ಆವತ್ತು ತಿಳಿಯಿತು.

ಕಾಂಡದ ಬುಡಕ್ಕೆ ಕಪ್ಪು ಚಾಪೆ ಹಾಸಿದರು. ಅದರ ಪಕ್ಕಕ್ಕೇ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ತಂದಿಟ್ಟರು. ಮಲಗಿದವಳಿಗೆ ತಾಳ ಬೆನ್ನಿನಿಂದ ತಿಳಿಯಬೇಕಂತೆ. ಸಂಗೀತ ಶುರುವಾದಾಗ ನನ್ನ ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ನಡುಗಿದವು. ಅದು ಕಿವಿಗೆ ಬರುವ ಸಂಗೀತವಲ್ಲ, ಅಂಗಾಲಿನಿಂದ ಹತ್ತಿ ಹೊಟ್ಟೆಯಲ್ಲಿ ಕೂರುವಂಥದ್ದು. ನರ್ತಕಿ ಮಲಗಿದಳು. ಮೊದಲಿಬ್ಬರು ಬಂದು ಬಿದ್ದರು. ಆಗ ಬೊದ್ ಎಂದಿತು, ಅದರ ಹಿಂದೆಯೇ ಉದ್ದಕ್ಕೆ ಏನೋ ಸೀಳಿದ ಹಾಗೆ ಕರ್‌ರ್ ಎಂದಿತು.

ಟಕ್ ಅಕ್ಕ ಕೈಯೆತ್ತಿ, ‘ನಿಲ್ಲಿಸಿ, ನಿಲ್ಲಿಸಿ’ ಎಂದು ಕೂಗುತ್ತ ಚಾಪೆಯ ತನಕ ಓಡಿದಳು. ಐವತ್ತೆಂಟರ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಎಲ್ಲರೂ ಚದುರಿದರು. ಹೆಡ್‌ಫೋನಿನವನು ಸಂಗೀತ ನಿಲ್ಲಿಸಿ, ಏನಾಯಿತೆಂದು ತಿಳಿದ ಮೇಲೆ, ಪಾಪ, ನಗಬಾರದೆಂದುಕೊಂಡೇ ನಕ್ಕ. ಆ ಸದ್ದು ಹಾಡಿನೊಳಗೇ ಇತ್ತು. ಅವಳದೇ ಸರಳು, ಬೆಳಿಗ್ಗೆ ಅವಳೇ ಗೀರಿದ್ದು, ನಿಧಾನ ಮಾಡಿ ದಪ್ಪ ಮಾಡಿದ್ದು. ಅವನು ಆ ತುಣುಕನ್ನು ಮತ್ತೆ ಹಾಕಿ ಕೇಳಿಸಿದ. ಬೊದ್, ಕರ್‌ರ್. ಬೊದ್, ಕರ್‌ರ್. ತನ್ನ ಸುತ್ತಿಗೆಗೆ ತಾನೇ ಹೆದರಿದಳಲ್ಲ ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು ಹೋಗಿ, ಮೆಟ್ಟಿಲ ಕೆಳಗೆ ವಿದ್ಯುತ್ ಹಲಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಆರು ನಿಮಿಷ ಹಾಳಾಗಿತ್ತು. ನಿರ್ದೇಶಕಿ ನನ್ನ ಹತ್ತಿರ ಬಂದು, ಇನ್ನೊಮ್ಮೆ ಹೀಗಾದರೆ ಬರಹದಲ್ಲಿ ದೂರು ಕೊಡಬೇಕಾಗುತ್ತದೆ ಎಂದಳು. ಮೆಮೊ ನೆನಪಾಯಿತು. ಎರಡು ಕೋಣೆ ನೆನಪಾದವು, ಕಿವುಡಿ ಅತ್ತೆ ನೆನಪಾದಳು. ಇನ್ನೊಮ್ಮೆ ಆಗುವುದಿಲ್ಲ ಎಂದು ನಾನು ಟಕ್ ಅಕ್ಕನ ಪರವಾಗಿ ಮಾತು ಕೊಟ್ಟೆ.

ಎರಡನೇ ಸಲ ಶುರುವಾಯಿತು. ಬೆಳಕಿನ ಪಟ್ಟಿಗಳು ಆಗಲೇ ಚಾಪೆಯ ಅಂಚಿಗೆ ಸರಿದಿದ್ದವು. ನರ್ತಕಿ ಮಲಗಿದಳು. ಸಂಗೀತ ಏರುತ್ತ ಹೋಯಿತು. ಎಂಟು ಎಣಿಕೆಗೊಮ್ಮೆ ಬೊದ್ ಬಂತು, ಕರ್‌ರ್ ಬಂತು, ಈ ಸಲ ಯಾರೂ ಬೆಚ್ಚಲಿಲ್ಲ. ಒಬ್ಬರು ಬಿದ್ದರು. ಇಬ್ಬರು. ಮೂವರು.

ಆಗ ನಾನೊಂದು ನೋಡಿದೆ. ಬೆಳಕಿನ ಪಟ್ಟಿಯೊಳಗೆ, ಮೇಲಿನಿಂದ, ಒಂದು ಚಿಟಿಕೆಯಷ್ಟು ಬೂದು ಧೂಳು ಇಳಿಯಿತು. ಹಿಟ್ಟು ಜರಡಿಯಿಂದ ಉದುರುವಷ್ಟು ಮೆತ್ತಗೆ ಕಪ್ಪು ಚಾಪೆಯ ಮೇಲೆ ಕೂತಿತು. ಪಾರಿವಾಳವಿರಬೇಕು ಎಂದುಕೊಂಡೆ. ಮೇಲೆ ನೋಡಿದೆ, ಪಾರಿವಾಳ ಇರಲಿಲ್ಲ. ಗಾಳಿ ಇರಬೇಕು ಎಂದುಕೊಂಡೆ. ಗಾಳಿಯೂ ಇರಲಿಲ್ಲ. ಕುರ್ಚಿಯಿಂದ ಅರ್ಧ ಎದ್ದೆ. ಅಕ್ಕನನ್ನು ನೋಡಿ ನಕ್ಕ ಹಾಗೆ ನನ್ನನ್ನೂ ನೋಡಿ ನಕ್ಕರೆ? ಮೇಲಧಿಕಾರಿ ‘ಯಾವುದು ಸುಳ್ಳು’ ಎಂದು ಮತ್ತೆ ಕೇಳಿದರೆ? ಕೂತೆ. ಇನ್ನು ಎರಡೇ ನಿಮಿಷ ತಾನೆ. ನಾಲ್ವರು ಬಿದ್ದರು. ಐವರು.

ಸಂಗೀತ ಕತ್ತರಿಸಿದ ಹಾಗೆ ನಿಂತಿತು. ಕ್ಯಾಮೆರಾದ ದೀಪಗಳೂ ಆರಿದವು. ಟಕ್ ಅಕ್ಕ ಮೇನ್ ಸ್ವಿಚ್ಚಿನ ಕೆಂಪು ಹಿಡಿಯನ್ನು ಕೆಳಗೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

“ಎಲ್ಲರೂ ಈಚೆ ಬನ್ನಿ,” ಎಂದಳು. “ಬಂದ ಮೇಲೆ ಎಷ್ಟು ಬೇಕಾದ್ರೂ ಬೈಯಿರಿ.”

ಬೈಯಲೆಂದೇ ಅವರು ಈಚೆ ಬಂದರು. ಎಲ್ಲರಿಗಿಂತ ಕೊನೆಗೆ ಎದ್ದು ಬಂದವಳು ಮಲಗಿದ್ದ ನರ್ತಕಿ. ಬೈಯಲಿಲ್ಲ, ಬೇಡಿಕೊಂಡಳು. ಆರು ತಿಂಗಳಿಂದ ಇದನ್ನು ಕಟ್ಟಿದ್ದೇವೆ, ಮೂರೇ ನಿಮಿಷ ಕೊಡಿ ಎಂದಳು. ಟಕ್ ಅಕ್ಕ ತಲೆಯಾಡಿಸಿದಳೇ ಹೊರತು ಹಿಡಿಯಿಂದ ಬೆನ್ನು ತೆಗೆಯಲಿಲ್ಲ. ನಿರ್ದೇಶಕಿ ನನ್ನತ್ತ ತಿರುಗಿ, ನಿಮ್ಮ ಅಧಿಕಾರ ಈಗಲಾದರೂ ಚಲಾಯಿಸಿ ಎಂದಳು. ನಾನು ಚಲಾಯಿಸಿದೆ. ಅಕ್ಕನ ಹತ್ತಿರ ಹೋಗಿ, ದಯವಿಟ್ಟು ಪಕ್ಕಕ್ಕೆ ಸರಿಯಿರಿ, ಮೆಮೊ ಬರುತ್ತೆ, ಮನೆ ಹೋಗುತ್ತೆ ಎಂದೆ. ಧೂಳಿನ ವಿಷಯ ಬಾಯಿ ಬಿಡಲಿಲ್ಲ. ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯುವ ಭಾಷೆ ನನ್ನ ಹತ್ತಿರ ಇಲ್ಲ, ಕಚೇರಿ ಭಾಷೆಯಲ್ಲಂತೂ ಇಲ್ಲ.

ಆ ಜಗಳದಲ್ಲೇ ಬೆಳಕು ಹೋಯಿತು. ಏನೂ ಬೀಳಲಿಲ್ಲ. ಹತ್ತು ನಿಮಿಷ ಕಳೆಯಿತು, ಬೀಳಲಿಲ್ಲ. ನಿರ್ದೇಶಕಿ ದೂರು ಹೇಳುತ್ತ ಹೋದಳು, ನಾನು ಮೊಣಕಾಲ ಮೇಲೆ ಕಾಗದವಿಟ್ಟು ಬರೆದುಕೊಳ್ಳುತ್ತ ಹೋದೆ. ನರ್ತಕರು ಗೋಡೆಗೊರಗಿ ಕೂತಿದ್ದರು. ಹೆಡ್‌ಫೋನಿನವನು ತಂತಿ ಬಿಚ್ಚಿಕೊಳ್ಳಲೆಂದು ಸ್ಪೀಕರಿನ ಕಡೆ ಹೊರಟ. ಟಕ್ ಅಕ್ಕ ಅವನ ತೋಳು ಹಿಡಿದು, ಆಮೇಲೆ ತೆಗೆದುಕೋ ಎಂದಳು. ಅವನು ಕೊಸರಿಕೊಂಡ. ಅವಳು ಬಿಡಲಿಲ್ಲ. ಎಲ್ಲರ ಮುಂದೆ ಅದೊಂದು ಅಸಹ್ಯದ ಎಳೆದಾಟವಾಗುತ್ತಿತ್ತು.

ನಾನು ‘ಉದ್ದೇಶಪೂರ್ವಕವಾಗಿ’ ಎಂಬ ಪದದ ನಡುವೆ ಇದ್ದೆ. ಬೊದ್ ಎನ್ನಲಿಲ್ಲ, ಕರ್‌ರ್ ಎನ್ನಲಿಲ್ಲ. ಯಾವ ಮುನ್ಸೂಚನೆಯೂ ಇಲ್ಲದೆ, ಒದ್ದೆ ಬಟ್ಟೆ ಹಗ್ಗದಿಂದ ಜಾರಿದ ಹಾಗೆ, ಐದನೇ ಅಣಬೆಯ ತಟ್ಟೆಯಿಂದ ಊಟದ ಮೇಜಿನಷ್ಟು ದೊಡ್ಡ ತುಂಡೊಂದು ಕಳಚಿ ಬಿತ್ತು. ಒಂದು ಸ್ಪೀಕರ್ ಪೆಟ್ಟಿಗೆ ಅಪ್ಪಚ್ಚಿಯಾಯಿತು. ಚಾಪೆ ಕಾಣಲೇ ಇಲ್ಲ. ಧೂಳು ಕೂತ ಮೇಲೆ ಮೇಲ್ಗಡೆ ತುಕ್ಕು ಹಿಡಿದ ಸರಳುಗಳು ಕಂಡವು, ಅವುಗಳ ನಡುವೆ ನೆಟ್ಟಗೆ ಒಂದು ಗೆರೆ. ಹಳೆಯ ಅರ್ಧ ಈಚೆ, ಮರುದಿನದ ಅರ್ಧ ಆಚೆ.

ನರ್ತಕಿ ತಾನು ಮಲಗಿದ್ದ ಜಾಗವನ್ನು ನೋಡುತ್ತ ನಿಂತಿದ್ದಳು. ಟಕ್ ಅಕ್ಕ ಹೆಡ್‌ಫೋನಿನವನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

ಆ ಮೇಲಿನ ವಾರ ಅವಳದ್ದು. ಎಂಜಿನಿಯರುಗಳು ಬಂದರು, ಏಳೂ ಅಣಬೆಗಳಿಗೆ ಬೇಲಿ ಬಿತ್ತು. ಆ ದಿನದ ಸಂಗೀತದ ಸದ್ದಿನ ನಡುವೆಯೂ ನಿಜವಾದ ಬಿರುಕಿನ ದನಿಯನ್ನು ಅವಳು ಬೇರೆ ಮಾಡಿ ಕೇಳಿಸಿಕೊಂಡಳು ಎಂಬ ಸುದ್ದಿ ಮಹಡಿ ಮಹಡಿಗೂ ಹಬ್ಬಿತು. ಹೆಡ್‌ಫೋನಿನವನು ಮತ್ತೆ ಬಂದು, ಅಂಥ ಕಿವಿ ಸಾವಿರಕ್ಕೊಂದು ಎಂದು ಹೇಳಿಹೋದ. ಲೆಕ್ಕಪತ್ರ ವಿಭಾಗದವರ ನಾಲಿಗೆ ತೆಳ್ಳಗಾಯಿತು. ಮೇಲಧಿಕಾರಿಗಳು ಪ್ರಶಂಸಾಪತ್ರ ಕೊಡಬೇಕೆಂದರು, ಅದಕ್ಕೆ ಮೊದಲು ಅವಳ ಹೇಳಿಕೆ ಬೇಕೆಂದರು. ಹೇಳಿಕೆ ಇಲ್ಲದೆ ಹೋದರೆ, ಅಪ್ಪಣೆಯಿಲ್ಲದೆ ಮೇನ್ ಸ್ವಿಚ್ ಎಳೆದದ್ದು ಕಾಗದದ ಮೇಲೆ ಶಿಸ್ತಿನ ಉಲ್ಲಂಘನೆಯಾಗಿಯೇ ಉಳಿಯುತ್ತದಂತೆ. ಬರೆಯುವ ಕೆಲಸ ನನಗೇ ಬಂತು.

ಪಂಪ್ ಮನೆಯ ಹಿಂದಿನ ಆ ಕೋಣೆಗೆ ನಾನು ಹೋದದ್ದು ಅದೇ ಮೊದಲು. ಅತ್ತೆ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ಟಕ್ ಅಕ್ಕ ನನಗೆ ಚಹಾ ಕೊಟ್ಟು ಎದುರಿಗೆ ಕೂತಳು. ನಾನು ಮೊದಲೇ ಬರೆದು ತಂದಿದ್ದನ್ನು ಓದಿದೆ: ‘ಎರಡನೇ ಬಾರಿ ಸಂಗೀತ ನಡೆಯುತ್ತಿರುವಾಗ ಬಿರುಕಿನ ಶಬ್ದವನ್ನು ಸ್ಪಷ್ಟವಾಗಿ ಕೇಳಿದ ನಾನು...’ ಅವಳು ಲೋಟದ ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು.

ಕೇಳಬಾರದಿತ್ತು. ಸಹಿ ಹಾಕಿಸಿಕೊಂಡು ಎದ್ದುಬಿಟ್ಟಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

“ಅಕ್ಕ, ಎರಡನೇ ಸಲ ನಿಮಗೆ ನಿಜವಾಗ್ಲೂ ಶಬ್ದ ಕೇಳಿಸ್ತಾ?”

“ಇಲ್ಲ,” ಎಂದಳು. “ಆ ಪೆಟ್ಟಿಗೆ ಅಷ್ಟು ಅರಚ್ತಿರೋವಾಗ ಯಾರಿಗೆ ಏನು ಕೇಳಿಸುತ್ತೆ? ನಾನು ನಿನ್ನ ಮುಖ ನೋಡ್ತಿದ್ದೆ. ನೀನು ಮೇಲೆ ನೋಡಿದೆ, ಬಿಳಿಚ್ಕೊಂಡೆ, ಅರ್ಧ ಎದ್ದೆ, ಮತ್ತೆ ಕೂತ್ಕೊಂಡೆ. ಇವನು ಏಳೋನಲ್ಲ ಅಂತ ಗೊತ್ತಾಯ್ತು, ನಾನು ಎದ್ದೆ.”